ಹಿಂದಿನ ಸೀಟಿಗೊಂದು ಗಾಜು

ನಮ್ಮ ದೊಡ್ಡಪ್ಪನಿಗೆ ಹುಚ್ಚು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಅನುಮಾನ ಬಂದೇ ಬರುತ್ತದೆ. ಮದ್ದೂರಿನ ನಮ್ಮ ಬೀದಿಯವರಿಗಂತೂ ಅನುಮಾನದ ಕಾಲ ಮುಗಿದು ಖಾತ್ರಿಯೇ ಆಗಿಹೋಗಿತ್ತು. ಪಾಪ, ನಾಲೆ ಏರಿಯ ಮೇಲೆ ಬಿಸಿಲಿನಲ್ಲಿ ಅಲೆದೂ ಅಲೆದೂ ಹೀಗಾಯಿತು ಎಂದು ಅವರು ಕಾರಣವನ್ನೂ ಹುಡುಕಿ ಇಟ್ಟುಕೊಂಡಿದ್ದರು. ಆದರೆ ನೀವೇ ಹೇಳಿ, ಕಾರಿನ ಮುಂದುಗಡೆ ಒಂದು ಗಾಜು ಹಾಕಿಸಿದವನು ಬುದ್ಧಿವಂತ, ಹಿಂದಿನ ಸೀಟಿನ ಎದುರಿಗೆ ಇನ್ನೊಂದು ಗಾಜು ಹಾಕಿಸಿದವನು ಹುಚ್ಚನೇ?

ಹೌದು ಎಂದಿರಿ ತಾನೆ? ನಾನೂ ಹಾಗೆಯೇ ಎಂದಿದ್ದೆ. ಅವರ ಎದುರಿಗೇ ಎಂದಿದ್ದೆ. ಅದಕ್ಕೇ ಈಗ ಇದನ್ನೆಲ್ಲ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮಾತು. ಆಗ ನಾನು ಮದ್ದೂರಿನ ಒಂದು ಮಿಡ್ಲ್ ಸ್ಕೂಲಿನಲ್ಲಿ ಮೇಡಮ್ಮ. ನನ್ನ ವಯಸ್ಸು ಇಪ್ಪತ್ತಮೂರು; ನಾಲಿಗೆಯ ವಯಸ್ಸು ಮಾತ್ರ ಐವತ್ತು ಎಂದು ದೊಡ್ಡಮ್ಮ ಹೇಳುತ್ತಿದ್ದರು. ನಮ್ಮ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವುದು ಆಗದ ಮಾತೆಂದು ಅಪ್ಪ ನನ್ನನ್ನು ಅವರಣ್ಣನ ಮನೆಯಲ್ಲಿ ಬಿಟ್ಟಿದ್ದರು. ದೊಡ್ಡಪ್ಪ ನಾಲೆ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದು ರಿಟೈರ್ ಆದವರು. ನೀರು ಎಷ್ಟು ಅಡಿ, ಎಷ್ಟು ಅಂಗುಲ ಎಂದು ಮೂವತ್ತು ವರ್ಷ ಅಳೆದ ಕೈ. ಅಳೆಯುವುದಕ್ಕೆ ನೀರಿಲ್ಲವಾದ ಮೇಲೆ ಸಿಕ್ಕಿದ್ದನ್ನೆಲ್ಲ ಅಳೆಯುತ್ತಿದ್ದರು. ನಾನು ತಟ್ಟಿದ ರೊಟ್ಟಿಗೂ ಒಂದು ಸಲ ಸ್ಕೇಲು ಇಟ್ಟು, "ಪೂರ್ವಕ್ಕೆ ವಸಿ ಜಾಸ್ತಿ ಓಗದೆ ಕಣವ್ವ" ಎಂದಿದ್ದರು.

ಕಾರು ಬಂದದ್ದು ಮಳವಳ್ಳಿಯ ಒಬ್ಬ ಸಾಹುಕಾರರ ಕೊಟ್ಟಿಗೆಯಿಂದ. ಅದು ಅವರ ತಂದೆಯ ಕಾಲದ್ದು. ತಗಡಿನ ಚಾವಣಿಯಿಲ್ಲ, ಮಳೆ ಬಂದರೆ ಎಳೆದುಕೊಳ್ಳಲು ಕ್ಯಾನ್ವಾಸಿನ ಹೊದಿಕೆ ಮಾತ್ರ. ಎರಡೂ ಬದಿಗೆ ಕಾಲಿಟ್ಟು ಹತ್ತುವ ಹಲಗೆ, ಎತ್ತಿನ ಗಾಡಿಯಷ್ಟೇ ಎತ್ತರದ ಚಕ್ರ. ದೊಡ್ಡಪ್ಪ ಕೇಳಿದ ಕೂಡಲೇ ಸಾಹುಕಾರರು ಧಾರಾಳವಾಗಿ ಕೊಟ್ಟುಬಿಟ್ಟರು, ಏಕೆಂದರೆ ಅಷ್ಟು ಹೊತ್ತಿಗೆ ಅದರಲ್ಲಿ ಅವರ ಮನೆಯ ಕೋಳಿಗಳು ಸಂಸಾರ ಹೂಡಿದ್ದವು. ಒಂದು ಜೊತೆ ಎತ್ತು ಕಟ್ಟಿ ಮದ್ದೂರಿಗೆ ಎಳೆಸಿಕೊಂಡು ಬಂದು ನೋಡಿದರೆ ಹಿಂದಿನ ಸೀಟಿನಲ್ಲಿ ಎರಡು ಮೊಟ್ಟೆ! ಬೇರೆಯವರಾಗಿದ್ದರೆ ಬೇಯಿಸಿ ತಿನ್ನುತ್ತಿದ್ದರು. ದೊಡ್ಡಪ್ಪ ಅವನ್ನು ರಾಗಿ ತುಂಬಿದ ಡಬ್ಬಿಯಲ್ಲಿಟ್ಟು ಬಸ್ ಕಂಡಕ್ಟರನ ಕೈಯಲ್ಲಿ ಮಳವಳ್ಳಿಗೆ ವಾಪಸು ಕಳಿಸಿದರು. ಸಾಹುಕಾರರು ಕೊಟ್ಟದ್ದು ಕಾರು, ಮೊಟ್ಟೆಯಲ್ಲ ಎಂಬುದು ಅವರ ನ್ಯಾಯ.

ಎರಡು ವರ್ಷ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿ, ಉಳಿದ ನಟ್ಟು ಬೋಲ್ಟುಗಳನ್ನು ಉಪ್ಪಿನಕಾಯಿ ಜಾಡಿಯಲ್ಲಿಟ್ಟು, ಕೊನೆಗೂ ಕಾರು ಓಡಿತು. ಒಂದೇ ಕೊರತೆ. ಗಾಜು ಇರಲಿಲ್ಲ. ಎದುರಿಗೆ ಗಾಜು ಇರಬೇಕಾದ ಕಡೆ ಎರಡು ಮೋಟು ಸರಳು ಮಾತ್ರ ನಿಂತಿದ್ದವು. ಸಂಜೆ ಒಂದು ಸುತ್ತು ಹೋಗಿಬಂದರೆ ದೊಡ್ಡಪ್ಪನಿಗೆ ರಾತ್ರಿಯ ಊಟ ಸೇರುತ್ತಿರಲಿಲ್ಲ. ದಾರಿಯಲ್ಲೇ ನೊಣ, ಹುಳ ಎಲ್ಲಾ ಆಗಿರುತ್ತಿತ್ತಲ್ಲ!

ಹಾಗೇ ನಡೆದಿದ್ದರೆ ಇದು ಬರೀ ನಗುವ ಕಥೆಯಾಗಿರುತ್ತಿತ್ತು. ನಡುವೆ ದೊಡ್ಡಮ್ಮನ ಕಣ್ಣು ಬಂತು.

ದೊಡ್ಡಮ್ಮನಿಗೆ ಐದಾರು ವರ್ಷದಿಂದ ಎರಡೂ ಕಣ್ಣಿಗೆ ಪೊರೆ. ಮೊದಮೊದಲು ಮಂಜು, ಆಮೇಲೆ ಮಸುಕು, ಕೊನೆಗೆ ಬೆಳಕು ನೆರಳು ಅಷ್ಟೇ. ಅಡುಗೆಮನೆಯಲ್ಲಿ ಎಲ್ಲವೂ ಕೈಗೆ ಗೊತ್ತಿದ್ದರಿಂದ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ಪಕ್ಕದ ಮನೆಯ ಹೆಂಗಸರು ತಮ್ಮ ಗಂಡಂದಿರ ಮುಪ್ಪಿನ ಬಗ್ಗೆ ಗೊಣಗುವಾಗ ದೊಡ್ಡಮ್ಮ ತಲೆ ಎತ್ತಿ, "ನಮ್ಮನೆಯವ್ರ ತಲೇಲಿ ಒಂದು ಬಿಳೀ ಕೂದ್ಲು ತೋರ್ಸಿ ನೋಡಮ" ಎಂದು ಸವಾಲು ಹಾಕುತ್ತಿದ್ದರು. ಆ ಹೆಂಗಸರು ದೊಡ್ಡಮ್ಮನ ಹಿಂದೆ ನಿಂತಿದ್ದ ದೊಡ್ಡಪ್ಪನನ್ನು ನೋಡುತ್ತಿದ್ದರು. ಹತ್ತಿಯಂಥ ತಲೆ ಹೊತ್ತುಕೊಂಡು ದೊಡ್ಡಪ್ಪ ತುಟಿಯ ಮೇಲೆ ಬೆರಳಿಟ್ಟು ನಿಂತಿರುತ್ತಿದ್ದರು. ಆ ಬೆರಳಿಗೆ ಇಡೀ ಬೀದಿಯೇ ಮರ್ಯಾದೆ ಕೊಟ್ಟಿತ್ತು.

ಅಂತೂ ಮಾಘದಲ್ಲಿ ಮಂಡ್ಯದಲ್ಲಿ ಆಪರೇಷನ್ ಆಯಿತು. ಕಟ್ಟು ಬಿಚ್ಚಿ, ಹಸಿರು ಬಟ್ಟೆಯ ಮರೆ ಕಟ್ಟಿ, ಆರೇಳು ವಾರ ಕಾದ ಮೇಲೆ ಯುಗಾದಿಯ ಹೊತ್ತಿಗೆ ಕನ್ನಡಕ ಬಂತು. ಆ ಕಾಲದಲ್ಲಿ ಪೊರೆ ತೆಗೆದವರಿಗೆ ಸೋಡಾ ಬಾಟಲಿಯ ತಳದಷ್ಟು ದಪ್ಪದ ಕನ್ನಡಕ. ಅದಿಲ್ಲದೆ ಹೋದರೆ ಆಪರೇಷನ್ ಆಗಿಯೂ ಎಲ್ಲಾ ಕಲಸಿಟ್ಟ ಹಾಗೆಯೇ. ನಾವೆಲ್ಲ ಸುತ್ತ ನಿಂತು, ಹಾಕಿಕೊಳ್ಳಿ ಹಾಕಿಕೊಳ್ಳಿ ಎಂದೆವು. ದೊಡ್ಡಮ್ಮ ಕನ್ನಡಕವನ್ನು ಸವರಿ ನೋಡಿ, ಮತ್ತೆ ಅದರ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟುಬಿಟ್ಟರು.

"ಇಷ್ಟು ವರ್ಸ ಕಾದಿವ್ನಿ. ಈ ಕಣ್ಣಲ್ಲಿ ಮೊದ್ಲು ನೋಡೋದು ನಮ್ಮೂರ ಕೊಕ್ಕರೆನೇಯ. ಆಮೇಲೆ ನಿಮ್ಮನ್ನೆಲ್ಲಾ ನೋಡ್ತೀನಿ."

ಅವರ ತವರು ಕೊಕ್ಕರೆ ಬೆಳ್ಳೂರು. ಅಲ್ಲಿಯವರಿಗೆ ಕೊಕ್ಕರೆಗಳು ಹಕ್ಕಿಗಳಲ್ಲ. ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳು. ಚಳಿಗಾಲದಲ್ಲಿ ಬಂದು, ಮನೆಗಳ ನಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಮಳೆ ಹಿಡಿಯುವ ಹೊತ್ತಿಗೆ ಮರಿಗಳನ್ನು ಹಾರಿಸಿಕೊಂಡು ಹೋಗುತ್ತವೆ. ಅವು ಕೂತ ಮರಕ್ಕೆ ಯಾರೂ ಕೋಲು ಹಾಕುವುದಿಲ್ಲ. ಮರದ ಕೆಳಗೆ ಮೀನಿನ ವಾಸನೆ, ಹಿಕ್ಕೆಯ ವಾಸನೆ. ನಾವು ಮೂಗು ಮುಚ್ಚಿಕೊಳ್ಳುವ ಜಾಗದಲ್ಲಿ ದೊಡ್ಡಮ್ಮ ಎದೆ ತುಂಬಾ ಉಸಿರೆಳೆದುಕೊಳ್ಳುತ್ತಿದ್ದರು. ಅವರಿಗೆ ತವರಿನ ವಾಸನೆ ಅದೇ.

ಡಾಕ್ಟರರು ಕಟ್ಟುನಿಟ್ಟಾಗಿ ಹೇಳಿದ್ದರು, ಕೆಲವು ತಿಂಗಳು ಕಣ್ಣಿಗೆ ಗಾಳಿ ಧೂಳು ಬಡಿಯಬಾರದು. ಬೆಳ್ಳೂರಿಗೆ ಹೋಗುವ ಬಸ್ಸಿನ ಕಿಟಕಿಗೆ ಗಾಜೇ ಇರಲಿಲ್ಲ. ದಾರಿಯೂ ಅರ್ಧ ಮಣ್ಣಿನದು. ಬಾಡಿಗೆಗೆ ಮುಚ್ಚಿದ ಕಾರು ತರಿಸೋಣವೆಂದು ನಾನು ಹೇಳಿದೆ. ಬಾಡಿಗೆ ಕಾರಲ್ಲಿ ಹೋಗುವುದಕ್ಕೆ ತಾನೇನು ಎಲೆಕ್ಷನ್ನಿಗೆ ನಿಂತಿದ್ದೇನೆಯೇ ಎಂದು ದೊಡ್ಡಮ್ಮ ಕೇಳಿದರು. ಮದುವೆಯಾದ ಹೊಸದರಲ್ಲಿ ಎತ್ತಿನ ಗಾಡಿಯಲ್ಲಿ ಬೆಳ್ಳೂರಿನಿಂದ ಬರುವಾಗ, ಒಂದಲ್ಲ ಒಂದು ದಿನ ನಿನ್ನನ್ನು ನನ್ನ ಸ್ವಂತ ಕಾರಿನಲ್ಲಿ ತವರಿಗೆ ಕರೆದುಕೊಂಡು ಬರುತ್ತೇನೆ ಎಂದು ದೊಡ್ಡಪ್ಪ ಹೇಳಿದ್ದರಂತೆ. ಗಂಡಸರು ಆ ಹೊತ್ತಿನಲ್ಲಿ ಏನೇನೋ ಹೇಳುತ್ತಾರೆ. ಇವರು ಹೇಳಿದ್ದನ್ನು ಇಬ್ಬರೂ ನೆನಪಿಟ್ಟುಕೊಂಡದ್ದೇ ತಪ್ಪಾಯಿತು.

ಹೀಗೆ ಲೆಕ್ಕ ಸರಳವಾಗಿತ್ತು. ಕಾರಿಗೆ ಗಾಜು ಬರದೆ ಪ್ರಯಾಣವಿಲ್ಲ, ಪ್ರಯಾಣವಿಲ್ಲದೆ ಕನ್ನಡಕವಿಲ್ಲ, ರೋಹಿಣಿ ಮಳೆ ಹಿಡಿದರೆ ಕೊಕ್ಕರೆಗಳಿಲ್ಲ. ಆಮೇಲೆ ಮುಂದಿನ ವರ್ಷದವರೆಗೆ ದೊಡ್ಡಮ್ಮ ಆ ಡಬ್ಬಿಯನ್ನು ತೆಗೆಯುವವರಲ್ಲ. ಈ ಮನೆಯಲ್ಲಿ ನಿಜವಾದ ವಿಚಿತ್ರ ಪ್ರಾಣಿ ಯಾವುದೆಂದು ನಿಮಗೆ ಈಗ ಗೊಂದಲವಾಗುತ್ತಿರಬೇಕು. ನನಗಂತೂ ದಿನಾ ಆಗುತ್ತಿತ್ತು.

ಮಂಡ್ಯದ ಒಬ್ಬ ಲಾರಿ ಮೆಕ್ಯಾನಿಕ್, ಹಳೇ ಲಾರಿಯ ಗಾಜಿದೆ, ಮೂರು ದಿನದಲ್ಲಿ ಕೂರಿಸಿಕೊಡುತ್ತೇನೆ ಎಂದ. ಅಲ್ಲಿಗೆ ಮುಗಿಯಬೇಕಿತ್ತು. ದೊಡ್ಡಪ್ಪ ಆ ಗಾಜನ್ನು ನೋಡಿ, ಇದು ಲಾರಿಯ ಮುಖ, ಇಂಥ ಮುಖ ಇಟ್ಟುಕೊಂಡು ಹೆಂಡತಿಯ ತವರಿಗೆ ಹೇಗೆ ಹೋಗಲಿ ಎಂದು ಎದ್ದುಬಂದರು. ಅವರ ಹತ್ತಿರ ಒಂದು ಹಳೆಯ ಫೋಟೋ ಇತ್ತು. ಸಾಹುಕಾರರ ಮನೆಯ ಗೋಡೆಯಿಂದ ಇಳಿಸಿ ತಂದದ್ದು. ಅದರಲ್ಲಿ ಇದೇ ಕಾರು, ಹೊಸದು. ಸ್ಟೀರಿಂಗ್ ಚಕ್ರ ಹಿಡಿದು ಸಾಹುಕಾರರ ತಂದೆ, ಜರಿ ಪೇಟ ಸುತ್ತಿಕೊಂಡು. ಅವರ ಮುಂದೆ ಹಿತ್ತಾಳೆ ಚೌಕಟ್ಟಿನ ಗಾಜು. ಹಿಂದಿನ ಸೀಟಿನಲ್ಲಿ ಸೆರಗು ಹೊದ್ದ ಒಬ್ಬ ಹೆಂಗಸು. ಅವರ ಮುಂದೆಯೂ ಅಂಥದೇ ಇನ್ನೊಂದು ಗಾಜು! ಆ ಕಾಲದ ದೊಡ್ಡ ಕಾರುಗಳಲ್ಲಿ ಹಾಗೆ ಇರುತ್ತಿತ್ತಂತೆ. ಹಾಗಾದರೆ ನಮ್ಮದಕ್ಕೂ ಎರಡು, ಅಂಥದೇ ಹಿತ್ತಾಳೆಯದು, ಅಳತೆ ಒಂದು ನೂಲೂ ತಪ್ಪಬಾರದು.

ಅಳತೆ ಎಲ್ಲಿಂದ ಬರಬೇಕು? ಫೋಟೋ ಅಂಗೈಯಗಲ. ಓವರ್‌ಸಿಯರ್ ಬುದ್ಧಿ ಕೇಳಬೇಕೆ! ಫೋಟೋದಲ್ಲಿ ಗಾಜು ಆ ಪೇಟದ ಎರಡೂವರೆಯಷ್ಟು ಎತ್ತರವಿತ್ತು. ಪೇಟದ ನಿಜವಾದ ಎತ್ತರ ಸಿಕ್ಕಿದರೆ ಗಾಜಿನದೂ ಸಿಕ್ಕಿತು. ದೊಡ್ಡಪ್ಪ ನನ್ನನ್ನು ಕಟ್ಟಿಕೊಂಡು ಮಳವಳ್ಳಿಗೆ ಹೋಗಿ, ಸಾಹುಕಾರರ ಮನೆಯ ಟ್ರಂಕಿನಿಂದ ಆ ಪೇಟ ತೆಗೆಸಿ, ಈಗಿನ ಸಾಹುಕಾರರ ತಲೆಗೆ ಸುತ್ತಿಸಿ, ಅವರನ್ನು ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ ಅಳೆದರು. ಮೊದಲ ಸಲ ಎಂಟು ಅಂಗುಲ ಬಂತು. ಬಿಚ್ಚಿ ಇನ್ನೊಂದು ಸಲ ಸುತ್ತಿದರೆ ಒಂಬತ್ತೂವರೆ. ಮೂರನೆಯ ಸಲಕ್ಕೆ ಸಾಹುಕಾರರು, ಗಾಜು ಎಷ್ಟು ಬೇಕಾದರೂ ಇರಲಿ, ನನಗೆ ತಲೆ ಸುತ್ತುತ್ತಿದೆ ಎಂದು ಜಗಲಿಯ ಮೇಲೆ ಕೂತುಬಿಟ್ಟರು. ಎಂಟಕ್ಕೂ ಒಂಬತ್ತೂವರೆಗೂ ನಡುವೆ ಒಂದು ತೀರ್ಮಾನ ಮಾಡಿಕೊಂಡು ನಾವು ಬಸ್ ಹತ್ತಿದೆವು. ಈ ಪೇಟದ ಪ್ರಕರಣಕ್ಕೇ ಹದಿನೈದು ದಿನ ಹೋಗಿತ್ತು.

ಇತ್ತ ಸಂತೆಗೆಂದು ಮದ್ದೂರಿಗೆ ಬರುವ ದೊಡ್ಡಮ್ಮನ ತಮ್ಮ ಪ್ರತಿವಾರ ಮನೆಗೆ ಬಂದು ಸುದ್ದಿ ಹೇಳುತ್ತಿದ್ದ. ಒಂದು ವಾರ ಮೊಟ್ಟೆ ಒಡೆದವು. ಇನ್ನೊಂದು ವಾರ ಮರಿಗಳಿಗೆ ಪುಕ್ಕ ಬಂತು. ದೊಡ್ಡಮ್ಮ ಹಸಿರು ಮರೆ ಕಟ್ಟಿಕೊಂಡು ಗೋಡೆಗೊರಗಿ ಕೂತು, ಯಾವ ಮರದಲ್ಲಿ ಎಷ್ಟು, ನಮ್ಮ ಹಿತ್ತಿಲ ಮರಕ್ಕೆ ಎಷ್ಟು ಬಂದಿದ್ದಾರೆ ಎಂದು ಕೇಳುತ್ತಿದ್ದರು. ‘ಬಂದಿದ್ದಾರೆ’ ಎಂದೇ ಕೇಳುತ್ತಿದ್ದರು.

ಹಿತ್ತಾಳೆ ಚೌಕಟ್ಟಿಗೆ ಮಳವಳ್ಳಿಯಲ್ಲೇ ಒಬ್ಬ ಆಚಾರ್ರು ಸಿಕ್ಕಿದರು. ಹುಟ್ಟಿದಾಗಿನಿಂದ ದೇವರ ಪ್ರಭಾವಳಿ ಮಾಡಿದ ಕೈ. ಆ ಕೈಗೆ ದೊಡ್ಡಪ್ಪ ಒಂದು ಚೌಕಟ್ಟಿನ ನಕ್ಷೆ ಕೊಟ್ಟರು. ಚೌಕಟ್ಟು ಎರಡೂ ಬಂದವು. ಹೊಳೆಯುತ್ತಿದ್ದವು, ಅಳತೆಯೂ ಸರಿಯಿತ್ತು. ಆದರೆ ಎರಡರ ನೆತ್ತಿಯ ಮೇಲೂ ಒಂದೊಂದು ಸಿಂಹದ ಮುಖ, ಕಣ್ಣು ಹೊರಗೆ ಬಂದು, ಕೋರೆಹಲ್ಲು ಬಿಟ್ಟುಕೊಂಡು! ದೇವರ ಹಿಂದೆ ಇರುತ್ತದಲ್ಲ, ಅದೇ ಮುಖ. ನಕ್ಷೆಯಲ್ಲಿ ಇದು ಎಲ್ಲಿತ್ತು ಎಂದು ದೊಡ್ಡಪ್ಪ ಕೇಳಿದರು. ಆಚಾರ್ರು ತಾವೂ ನಕ್ಷೆ ನೋಡಿ, ತಲೆ ಕೆರೆದುಕೊಂಡರು.

"ನೆತ್ತಿ ಖಾಲಿ ಬುಡಾಕೆ ಕೈಯೇ ಬರ್ನಿಲ್ಲ ಬುದ್ದಿ. ಅದು ತಾನಾಗೇ ಬಂದು ಕೂತ್ಕೊಂಡ್ಬುಡ್ತು."

ಅರ ಹಾಕಿ ಉಜ್ಜಿ ತೆಗೆದುಬಿಡಿ ಎಂದರೆ, ಮುಖದ ಮೇಲೆ ಅರ ಆಡಿಸುವುದು ತಮ್ಮಿಂದ ಸಾಧ್ಯವಿಲ್ಲ, ಬೇಕಾದರೆ ನೀವೇ ಆಡಿಸಿ ಎಂದು ಅರವನ್ನು ದೊಡ್ಡಪ್ಪನ ಕೈಗೇ ಕೊಟ್ಟರಂತೆ. ದೊಡ್ಡಪ್ಪ ಅರವನ್ನೂ ಸಿಂಹವನ್ನೂ ನೋಡಿದರು. ಸಿಂಹ ದೊಡ್ಡಪ್ಪನನ್ನು ನೋಡಿತು. ಸಿಂಹವೇ ಗೆದ್ದು ಮದ್ದೂರಿಗೆ ಬಂತು.

ಗಾಜು ಕತ್ತರಿಸಿಕೊಟ್ಟವನು ದೇವರ ಪಟಕ್ಕೆ ಕಟ್ಟು ಹಾಕುವವನು. ಹಳೆಯ ಬೀರುಗಳ ದಪ್ಪ ಗಾಜು ತಂದು ಎರಡೂ ಚೌಕಟ್ಟಿಗೆ ಹದವಾಗಿ ಕತ್ತರಿಸಿದ. ಅಭ್ಯಾಸಬಲದಿಂದ ಹಾರ ಹಾಕಲು ಮೇಲೆ ಒಂದೊಂದು ಕೊಕ್ಕೆಯನ್ನೂ ಕೊಟ್ಟ. ಇನ್ನು ಗಾಜನ್ನು ಚೌಕಟ್ಟಿಗೆ ಅಂಟಿಸಬೇಕು. ಮಾಮೂಲಿ ಮನುಷ್ಯ ರಬ್ಬರ್ ಪಟ್ಟಿ ಹಾಕುತ್ತಾನೆ. ದೊಡ್ಡಪ್ಪ, ಹಳೆಯ ಕಾಲದ ಕಟ್ಟಡ ಇನ್ನೂ ನಿಂತಿರುವುದು ಏತರಿಂದ ಎಂದು ನನ್ನನ್ನು ಕೇಳಿದರು. ಗಾರೆಯಿಂದ ಎಂದೆ. ಗಾರೆಗೆ ಏನು ಹಾಕುತ್ತಾರೆ? ಸುಣ್ಣ, ಬೆಲ್ಲ ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೆ ಅಷ್ಟರಲ್ಲಿ ಅವರು ಆಲೆಮನೆಗೆ ಹೊರಟಾಗಿತ್ತು.

ಒಂದು ಡಬ್ಬಿ ಜೋನಿಬೆಲ್ಲ, ಅದಕ್ಕೆ ಅರೆದ ಸುಣ್ಣ. ಕಲ್ಲಿನಂತೆ ಗಟ್ಟಿಯಾಯಿತು, ನಿಜ. ಮೂರನೆಯ ದಿನ ಬೆಳಗ್ಗೆ ನೋಡಿದರೆ ಗಾಜಿನ ಸುತ್ತ ಕಪ್ಪು ಅಂಚು ಬಂದಿದೆ. ಆಹಾ, ಎಷ್ಟು ಚೆನ್ನಾಗಿದೆ ಎಂದು ನಾನು ಹತ್ತಿರ ಹೋದೆ. ಅಂಚು ನಡೆಯುತ್ತಿತ್ತು! ಇಡೀ ಮದ್ದೂರಿನ ಇರುವೆಗಳು ಅಲ್ಲಿ ಸಾಲು ಹಿಡಿದಿದ್ದವು. ಮಂಡ್ಯ ಜಿಲ್ಲೆಯಲ್ಲಿ ಬೆಲ್ಲವನ್ನು ಬಯಲಿಗಿಟ್ಟು ಇರುವೆ ಬರುವುದಿಲ್ಲ ಎಂದುಕೊಂಡ ಮನುಷ್ಯ ಇವರೊಬ್ಬರೇ ಇರಬೇಕು. ಎಲ್ಲಾ ಕೆರೆದು, ಬಿಸಿನೀರಿನಲ್ಲಿ ತೊಳೆದು, ಸೈಕಲ್ ಟ್ಯೂಬು ಸೀಳಿ ಪಟ್ಟಿ ಮಾಡಿ ಕೂರಿಸುವ ಹೊತ್ತಿಗೆ ಇನ್ನೂ ಹತ್ತು ದಿನ ಹೋಯಿತು.

ಆ ವಾರ ದೊಡ್ಡಮ್ಮನ ತಮ್ಮ ಬಂದು, ದೊಡ್ಡ ಮರಿಗಳು ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿಯುತ್ತಿವೆ ಎಂದ. ದೊಡ್ಡಮ್ಮ ಎದ್ದು ದೇವರ ಗೂಡಿನ ಹತ್ತಿರ ಹೋಗಿ, ಡಬ್ಬಿ ಅಲ್ಲೇ ಇದೆಯೇ ಎಂದು ತಡವಿ ನೋಡಿ ಬಂದು ಕೂತರು. ನನಗೆ ತಡೆಯಲಾಗಲಿಲ್ಲ. ಹಿತ್ತಲಿಗೆ ಹೋಗಿ, ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕುತ್ತಾ ಕೂತಿದ್ದ ದೊಡ್ಡಪ್ಪನಿಗೆ ಬಾಯಿಗೆ ಬಂದಂತೆ ಅಂದೆ. ನಿಮಗೆ ಫೋಟೋ ಮುಖ್ಯ, ಪೇಟ ಮುಖ್ಯ, ಸಿಂಹ ಮುಖ್ಯ. ಒಳಗೆ ಒಬ್ಬರು ಕಣ್ಣಿದ್ದೂ ಕುರುಡಾಗಿ ಕೂತಿದ್ದಾರೆ. ಲಾರಿ ಗಾಜು ಹಾಕಿಸಿದ್ದರೆ ಅವರು ತಿಂಗಳ ಹಿಂದೆಯೇ ನೋಡುತ್ತಿದ್ದರು. ಹಿಂದಿನ ಸೀಟಿಗೆ ಗಾಜು ಹಾಕಿಸುವವರನ್ನು ಹುಚ್ಚರು ಎನ್ನದೆ ಏನನ್ನಬೇಕು ಎಂದೆಲ್ಲ ಅಂದೆ. ಮಾತು ಮುಗಿದ ಮೇಲೆ ನನಗೇ ಹೆದರಿಕೆಯಾಯಿತು.

ದೊಡ್ಡಪ್ಪ ಕೈ ತೊಳೆದುಕೊಂಡರು. ಹಿಂದಿನ ಗಾಜನ್ನು ತಾತ್ಕಾಲಿಕವಾಗಿ ಬಿಚ್ಚಿಟ್ಟು, ಒಂದು ಕಟ್ಟು ಊದುಬತ್ತಿ ತಂದು, ಹತ್ತಿಸಿ ನನ್ನ ಕೈಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಕೂರು ಎಂದರು. ಮುಂದಿನ ಗಾಜು ಮಾತ್ರ ಇಟ್ಟುಕೊಂಡು ಮಳವಳ್ಳಿ ರಸ್ತೆಯಲ್ಲಿ ಒಂದು ಮೈಲಿ ಓಡಿಸಿದರು. ಊದುಬತ್ತಿಯ ಹೊಗೆ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಹೋಗಲಿಲ್ಲ; ಸುಳಿ ತಿರುಗಿ ನೇರ ನನ್ನ ಕಣ್ಣಿಗೇ ನುಗ್ಗಿತು. ದೊಡ್ಡಪ್ಪನಿಗೆ ಒಂದಿಷ್ಟೂ ಗಾಳಿಯಿಲ್ಲ, ನನಗೆ ಕಣ್ಣೀರ ಧಾರೆ. ವಾಪಸು ಬಂದು ಹಿಂದಿನ ಗಾಜನ್ನೂ ಕೂರಿಸಿ ಮತ್ತೆ ಅದೇ ಮೈಲಿ ಓಡಿಸಿದರು. ಈ ಸಲ ಹೊಗೆ ನನ್ನ ಮುಂದೆಯೇ ನೆಟ್ಟಗೆ ಎದ್ದು, ಗಾಜಿನ ಎತ್ತರ ದಾಟಿದ ಮೇಲೆ ಹಿಂದಕ್ಕೆ ಹಾರಿಹೋಯಿತು. ನಾಲೆಯ ನೀರು ತೂಬಿನ ಆಚೆಗೆ ಸುಳಿಯುವುದನ್ನು ಮೂವತ್ತು ವರ್ಷ ನೋಡಿದವರಿಗೆ ಗಾಳಿ ಎಲ್ಲಿ ಸುಳಿಯುತ್ತದೆಂದು ಗೊತ್ತಿರುವುದಿಲ್ಲವೇ!

"ಮುಂದ್ಲು ಗಾಜು ನನ್ನ ಕಣ್ಗೆ ಕಣವ್ವ. ಇಂದ್ಲು ಗಾಜು ಅವಳ ಕಣ್ಗೆ," ಎಂದರು ದೊಡ್ಡಪ್ಪ, ತಿರುಗಿ ನೋಡದೆ.

ದೊಡ್ಡಮ್ಮನನ್ನು ತಮ್ಮ ಪಕ್ಕ ಮುಂದಿನ ಸೀಟಿನಲ್ಲೇ ಕೂರಿಸಿಕೊಂಡರೆ ಎರಡನೆಯ ಗಾಜೇ ಬೇಡವಲ್ಲ ಎಂದು ನಿಮಗೆ ಹೊಳೆದಿರಬಹುದು. ತವರೂರಿನೊಳಗೆ ಅಣ್ಣತಮ್ಮಂದಿರ ಎದುರು ಗಂಡನಿಗೆ ಮೈ ತಗುಲಿಸಿಕೊಂಡು ಕೂತು ಹೋಗುವುದೇ? ದೊಡ್ಡಮ್ಮ ಆ ಊರಿಗೆ ಅಜ್ಜಿಯ ವಯಸ್ಸಿನವರಾಗಿದ್ದರೂ ಈ ವಿಷಯದಲ್ಲಿ ಇನ್ನೂ ಮದುವಣಗಿತ್ತಿ.

ಅಂದು ವಾಪಸು ಬರುವಾಗ ಒಂದು ಮಾತಾಯಿತು. ನೆತ್ತಿಯ ಮೇಲೆ ಸಿಂಹವಿರುವ ಹಿತ್ತಾಳೆ ಪ್ರಭಾವಳಿ, ನಡುವೆ ಊದುಬತ್ತಿ ಹಿಡಿದು ಕೆಂಪು ಕಣ್ಣಿನಲ್ಲಿ ಕೂತ ನಾನು. ಕಬ್ಬಿನ ಗಾಡಿಯವನೊಬ್ಬ ಗಾಡಿ ನಿಲ್ಲಿಸಿ, ಇಳಿದು, ಟವೆಲು ಸೊಂಟಕ್ಕೆ ಕಟ್ಟಿ ಕೈಮುಗಿದು, ಇದು ಯಾವೂರ ಅಮ್ಮ ಎಂದು ಕೇಳಿದ. "ಇಸ್ಕೂಲು ಮೇಡಮ್ಮ ಕಣಯ್ಯ. ಮುಗಿ, ಮುಗಿ. ಐಕ್ಳು ಪಾಸಾಯ್ತವೆ," ಎಂದು ದೊಡ್ಡಪ್ಪ ಕಾರು ಮುಂದಕ್ಕೆ ಬಿಟ್ಟರು. ಹುಚ್ಚರು ಎಂದದ್ದಕ್ಕೆ ಅವರು ತೀರಿಸಿಕೊಂಡ ಸೇಡು ಅದೊಂದೇ.

ಹೊರಡುವ ದಿನ ಬಂತು. ದೊಡ್ಡಮ್ಮನ ತಮ್ಮ ಬೆಳಗ್ಗೆಯೇ ಸೈಕಲ್ಲಿನಲ್ಲಿ ಬಂದಿದ್ದ. ಅರ್ಧ ಗೂಡು ಖಾಲಿಯಾಗಿದೆ, ಮೋಡ ಕಟ್ಟಿದೆ, ಇವತ್ತು ಬಿಟ್ಟರೆ ಇಲ್ಲ ಎಂದ. ನಾನು ಬಾವಿಯಿಂದ ಸೇದಿದ ತಣ್ಣೀರು ಸುರಿದು ಎರಡೂ ಗಾಜು ತೊಳೆದೆ. ಬೀದಿಯ ಗಣೇಶನ ಗುಡಿಯ ಅರ್ಚಕರು ಪೂಜೆಗೆ ಬಂದರು. ಮುಂದಿನ ಗಾಜಿನ ಕೊಕ್ಕೆಗೆ ಹಾರ ಹಾಕಿ, ಆ ಸಿಂಹದ ಮುಖ ನೋಡಿ ಅವರಿಗೂ ಭಕ್ತಿ ಬಂದು, ದೊಡ್ಡ ಗಡ್ಡೆ ಕರ್ಪೂರ ಹಚ್ಚಿದರು. ದೂರದಿಂದಲೇ ಆರತಿ ಎತ್ತಿ ಮುಗಿಸುತ್ತಿದ್ದರು. ಇನ್ನೂ ವಸಿ ಹತ್ತಿರ, ಇನ್ನೂ ವಸಿ ಎಂದು ಕರೆದವರು ನಮ್ಮ ದೊಡ್ಡಪ್ಪನೇ. ಒದ್ದೆಯಾರದ ತಣ್ಣನೆಯ ಗಾಜು, ಅದರ ಮುಂದೆ ಉರಿಯುವ ಕರ್ಪೂರ. ಟಪ್ ಎಂದಿತು. ಒಂದು ಗೆರೆ ಎದ್ದು ಮೇಲಿಂದ ಕೆಳಗೆ ಹರಿಯಿತು; ನೋಡುತ್ತಿದ್ದಂತೆ ಗಾಜು ನಾಲ್ಕು ಹೋಳಾಗಿ ಬಾನೆಟ್ಟಿನ ಮೇಲೆ ಜಾರಿತು.

ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ, ಏನು ಸದ್ದು ಎಂದು ಕೇಳಿದರು. ಅವರ ಕೈಯಲ್ಲಿ ಕನ್ನಡಕದ ಡಬ್ಬಿ ಇತ್ತು.

"ತೆಂಗಿನಕಾಯಿ ಒಡೆದ್ರು ಕಣೆ. ಹತ್ಕೊ, ಒತ್ತಾಯ್ತು," ಎಂದರು ದೊಡ್ಡಪ್ಪ.

ಹಿಂದಿನ ಗಾಜನ್ನು ಮುಂದಕ್ಕೆ ಹಾಕಿ, ಓಡಿಸುವವರಿಗೆ ಗಾಜು ಬೇಕು ಎಂದು ದೊಡ್ಡಮ್ಮನ ತಮ್ಮ ಪಿಸುಗುಟ್ಟಿದ. ದೊಡ್ಡಪ್ಪ ಬೇಡವೆಂದು ತಲೆ ಆಡಿಸಿದರು, ಅಷ್ಟೇ. ಖಾಲಿ ಚೌಕಟ್ಟಿನಿಂದ ಉಳಿದ ಚೂರುಗಳನ್ನು ಕಿತ್ತು, ಹಾರ ಮಾತ್ರ ಹಾಗೇ ಬಿಟ್ಟು, ಸ್ಟೀರಿಂಗ್ ಚಕ್ರ ಹಿಡಿದು ಕೂತರು. ಒಂದು ನೂಲು ಅಳತೆ ತಪ್ಪಿದರೆ ಎದ್ದುಬರುತ್ತಿದ್ದ ಮನುಷ್ಯ, ಎರಡು ತಿಂಗಳ ಕನಸಿನ ಅರ್ಧಭಾಗವನ್ನು ನೆಲಕ್ಕೆ ಗುಡಿಸಿ ಹೊರಟುಬಿಟ್ಟರು.

ಆ ಪ್ರಯಾಣವನ್ನು ನಾನು ಹಿಂದಿನ ಸೀಟಿನಿಂದ, ಗಾಜಿನ ಮೂಲಕ ನೋಡಿದೆ. ಹೆದ್ದಾರಿ ಇರುವವರೆಗೆ ಪರವಾಗಿರಲಿಲ್ಲ. ಮಣ್ಣು ರಸ್ತೆಗೆ ತಿರುಗಿದ ಮೇಲೆ ಮುಂದೆ ಹೋಗುತ್ತಿದ್ದ ಗಾಡಿಗಳ ಧೂಳೆಲ್ಲ ಆ ಖಾಲಿ ಚೌಕಟ್ಟಿನೊಳಗಿಂದ ನುಗ್ಗಿ ದೊಡ್ಡಪ್ಪನ ಮೇಲೆ ಬಿತ್ತು. ಮೇಲೆ ಸಿಂಹ, ಪಕ್ಕದಲ್ಲಿ ಹಾರ, ನಡುವೆ ಎದುರು ಬಂದವರಿಗೆಲ್ಲ ದರ್ಶನ ಕೊಡುತ್ತಾ ಕೆಂಪಗಾದ ನಮ್ಮ ದೊಡ್ಡಪ್ಪ. ಪಕ್ಕದಲ್ಲಿ ಕೂತ ಭಾವಮೈದ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ; ಇವರು ಕಣ್ಣು ಕಿರಿದು ಮಾಡಿಕೊಂಡು, ಗುಂಡಿ ಕಂಡಲ್ಲೆಲ್ಲ ನಿಧಾನ ಮಾಡುತ್ತಾ, ಹಿಂದೆ ಕೂತವರಿಗೆ ಕುಲುಕದಂತೆ ಓಡಿಸುತ್ತಿದ್ದರು. ನಮ್ಮ ಕಡೆಗೆ ಒಂದು ಚಿಟಿಕೆ ಧೂಳೂ ಬರಲಿಲ್ಲ. ಗಾಜು ಎಷ್ಟು ಚೆನ್ನಾಗಿದೆ, ಗಾಳಿಯೇ ಇಲ್ಲ, ಪಾಪ ಇವರು ಸುಮ್ಮನೆ ಅಷ್ಟು ಒದ್ದಾಡಲಿಲ್ಲ ಎಂದು ದೊಡ್ಡಮ್ಮ ನನ್ನ ತೊಡೆ ತಟ್ಟಿ ಹೇಳಿದರು. ನಾನು ಹೂಂ ಎಂದೆ. ಐವತ್ತು ವರ್ಷದ ನಾಲಿಗೆ ಅವತ್ತು ಅಷ್ಟೇ ಮಾತಾಡಿದ್ದು.

ಊರು ಹತ್ತಿರವಾಗುತ್ತಲೇ ವಾಸನೆ ಬಂತು. ದೊಡ್ಡಮ್ಮ ನೆಟ್ಟಗೆ ಕೂತರು. ತವರಿನ ಹಿತ್ತಿಲ ಹುಣಸೆಮರದ ಕೆಳಗೆ ಕಾರು ನಿಂತಿತು. ಇಂಜಿನ್ ಸುಮ್ಮನಾದ ಮೇಲೆ ಮೇಲಿನಿಂದ ರೆಕ್ಕೆ ಬಡಿಯುವ ಸದ್ದು, ಕೊಕ್ಕು ಕಟಕಟ ಎನ್ನುವ ಸದ್ದು ಕೇಳಿತು. ಇನ್ನೂ ಇದ್ದವು! ಎಲ್ಲವೂ ಹೋಗಿರಲಿಲ್ಲ. ಒಂದು ಕೊಂಬೆಯ ತುದಿಯಲ್ಲಿ ಎರಡು ದೊಡ್ಡ ಮರಿಗಳು ಹಾರಲೋ ಬೇಡವೋ ಎಂದು ನಿಂತಿದ್ದವು. ದೊಡ್ಡಮ್ಮ ಹಸಿರು ಮರೆ ಬಿಚ್ಚಿ, ಡಬ್ಬಿ ತೆಗೆದು, ಕನ್ನಡಕವನ್ನು ಸೆರಗಿನಲ್ಲಿ ಒರೆಸಿ, ಎರಡೂ ಕೈಯಿಂದ ಹಾಕಿಕೊಂಡರು. ಹಾಕಿಕೊಂಡು ಕಣ್ಣು ತೆರೆದರು.

ಮೇಲೆ ನೋಡಬೇಕಿತ್ತು. ಆದರೆ ಕಣ್ಣು ತೆರೆದಾಗ ಎದುರಿಗೆ ಇದ್ದದ್ದು ಆ ಗಾಜು. ಗಾಜಿನ ಆಚೆ ಮುಂದಿನ ಸೀಟಿನಲ್ಲಿ ಒಂದು ತಲೆಯ ಹಿಂಭಾಗ.

ದೊಡ್ಡಮ್ಮ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಇದ್ಯಾಕೆ ನಿಮ್ಮ ತಲೆ ಇಂಗೆ ಬೆಳ್ಗಾಗದೆ?" ಎಂದು ಕೇಳಿದರು.

ದೊಡ್ಡಪ್ಪನ ಕೈ ತಲೆಗೆ ಹೋಯಿತು. ತಿರುಗಲಿಲ್ಲ.

"ಧೂಳು ಕಣೆ. ದಾರಿ ಧೂಳು. ಒರ್ಸುದ್ರೆ ಓಯ್ತದೆ."

ದೊಡ್ಡಮ್ಮ ಸೀಟಿನಿಂದ ಎದ್ದು, ಗಾಜಿನ ಮೇಲಿಂದ ಕೈ ಚಾಚಿ, ಸೆರಗಿನ ತುದಿಯಲ್ಲಿ ಆ ತಲೆಯನ್ನು ಒರೆಸಿದರು. ಧೂಳು ಕೆಂಪಗೆ ಸೆರಗಿಗೆ ಬಂತು. ಕೆಳಗಿನ ಬಿಳುಪು ಹಾಗೇ ಉಳಿಯಿತು. ಮತ್ತೆ ಒರೆಸಿದರು. ಕಿವಿಯ ಹಿಂದೆ ಒರೆಸಿದರು, ಕತ್ತಿನ ಹತ್ತಿರ ಒರೆಸಿದರು. ತವರೂರು, ಎದುರಿಗೆ ತಮ್ಮ, ಹಟ್ಟಿಯಿಂದ ಓಡಿಬರುತ್ತಿದ್ದ ಜನ, ಯಾವುದೂ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ದೊಡ್ಡಪ್ಪ ಚಕ್ರ ಹಿಡಿದುಕೊಂಡು, ಕಣ್ಣಿಗೆ ಧೂಳು ಬಿದ್ದವರ ಹಾಗೆ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ತಮ್ಮ ಕೆಳಗಿಳಿದು ಮರದ ಕಡೆಗೆ ಕೈ ತೋರಿಸುತ್ತಿದ್ದ. "ಅಕ್ಕಾ, ಮೇಲ್ ನೋಡಕ್ಕ. ಮರಿ ಆರ್ತಾ ಅವೆ."

"ತಡ್ಯೋ," ಎಂದರು ದೊಡ್ಡಮ್ಮ. "ಇವ್ರನ್ನ ನೋಡಿ ಮುಗೀಲಿ."